‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಅಂತ ಬಂದಾಗ ಎಲ್ಲಿಂದ ಹುಡುಕಬೇಕು

ಕಳೆದ ಮಳೆಗಾಲ, ಜುಲೈ 6. ಉಡುಪಿಯ ಕಿನ್ನಿಮೂಲ್ಕಿಯಲ್ಲಿ ಪರಿಚಯದವರ ಜೆರಾಕ್ಸ್ ಅಂಗಡಿಯಲ್ಲಿ ಮಳೆ ಬಿಡಲಿ ಅಂತ ನಿಂತಿದ್ದೆ. ಕಾಲೇಜಿನ ಶುಲ್ಕ ಕಟ್ಟಲು ಒಬ್ಬಳು ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಅವತ್ತೇ ಕೊನೆಯ ದಿನ. ಸೈಟ್ ತೆರೆದರೆ ಕೆಂಪು ತ್ರಿಕೋನ, ಕೆಳಗೆ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’, ಅಂದರೆ ನಿಮ್ಮ ಸಂಪರ್ಕ ಸುರಕ್ಷಿತವಲ್ಲ ಅನ್ನುವ ಬ್ರೌಸರಿನ ಎಚ್ಚರಿಕೆ.

“ಸೈಟೇ ಹಾಳಾಗಿದೆ ಮಾರಾಯ್ರೆ, ಬೆಳಗ್ಗಿನಿಂದ ಹೀಗೇ” ಅಂದರು ಅಂಗಡಿಯವರು. ಯೂಟ್ಯೂಬ್ ತೆರೆಯುತ್ತಿತ್ತು. ಪಹಣಿಯ ಸೈಟೂ ತೆರೆಯುತ್ತಿತ್ತು. ಇದೊಂದೇ ಇಲ್ಲ. ಅವರ ಬೆರಳು ‘ಅಡ್ವಾನ್ಸ್ಡ್’ ಒತ್ತಿ ‘ಪ್ರೊಸೀಡ್’ ಕಡೆಗೆ ಹೊರಟಿತ್ತು. ಸ್ವಲ್ಪ ನಿಲ್ಲಿ ಅಂದೆ. ಆ ಹುಡುಗಿಯ ಅಪ್ಪನ ಕಾರ್ಡ್ ನಂಬರ್, ಓಟಿಪಿ ಎಲ್ಲ ಅದೇ ಪುಟದ ಮೂಲಕ ಹೋಗಬೇಕಿತ್ತು ಅಲ್ವಾ?

‘ಅಡ್ವಾನ್ಸ್ಡ್’ ಒತ್ತಿದಾಗ ಬರುವ ಸಣ್ಣ ಅಕ್ಷರ ಯಾರೂ ಓದುವುದಿಲ್ಲ. ಅದನ್ನು ಓದಿದೆ. ಈ ಸೈಟಿನ ಸರ್ಟಿಫಿಕೇಟ್ ಇವತ್ತಿಗಿಂತ 14 ದಿನ ಮುಂದಿನದು ಅಂತ ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಸರ್ಟಿಫಿಕೇಟ್ ಅಂದರೆ ಸೈಟ್ ತಾನು ಯಾರು ಅಂತ ತೋರಿಸುವ ಗುರುತಿನ ಚೀಟಿ. ಅದು ಇನ್ನೂ ಹುಟ್ಟಿಲ್ಲ ಅಂತ ಅರ್ಥ! ಕೂಡಲೇ ಪರದೆಯ ಬಲಮೂಲೆ ನೋಡಿದೆ. 6/7 ಅಂತಿತ್ತು. “ಸರಿಯಾಗೇ ಇದೆಯಲ್ಲ, ಆರನೇ ತಾರೀಕು, ಏಳನೇ ತಿಂಗಳು” ಅಂದರು ಅವರು. ಅದರ ಮೇಲೆ ಕ್ಲಿಕ್ ಮಾಡಿದರೆ ಕ್ಯಾಲೆಂಡರ್ ತೆರೆದುಕೊಂಡಿತು. ಜೂನ್ 7.

ಆ ಕಂಪ್ಯೂಟರಿನಲ್ಲಿ ತಾರೀಕು ಅಮೆರಿಕದ ಕ್ರಮದಲ್ಲಿತ್ತು, ತಿಂಗಳು ಮೊದಲು, ದಿನ ಆಮೇಲೆ. ಒಳಗಿನ ಬ್ಯಾಟರಿ ಸತ್ತು ಹೋಗಿದ್ದರಿಂದ ಕರೆಂಟ್ ಹೋದಾಗಲೆಲ್ಲ ತಾರೀಕು ಹಿಂದಕ್ಕೆ ಓಡುತ್ತಿತ್ತು. ಬೆಳಗ್ಗೆ ಬಾಗಿಲು ತೆಗೆದ ಕೆಲಸದ ಹುಡುಗ ನಮ್ಮ ರೂಢಿಯಂತೆ 6/7 ಅಂತ ಹಾಕಿದ್ದ. ನೋಡಿದವರೆಲ್ಲ ನಮ್ಮ ರೂಢಿಯಂತೆ ಓದಿದರು. ಕಾಲೇಜಿನ ಸೈಟ್ ಹೊಸ ಸರ್ಟಿಫಿಕೇಟ್ ಪಡೆದದ್ದು ಜೂನ್ 21ಕ್ಕೆ. ಉಳಿದ ಸೈಟುಗಳದ್ದು ಅದಕ್ಕಿಂತ ಹಳೆಯದು, ಹಾಗಾಗಿ ಅವು ಸುಮ್ನೆ ತೆರೆಯುತ್ತಿದ್ದವು. ತಾರೀಕು ಸರಿ ಮಾಡಿದೆವು, ಪುಟ ರಿಫ್ರೆಶ್ ಆಯಿತು, ಎರಡು ನಿಮಿಷದಲ್ಲಿ ಶುಲ್ಕ ಕಟ್ಟಿಯಾಯಿತು.

ಅವತ್ತಿನಿಂದ ಇದನ್ನು ಬರೆದಿಡಬೇಕು ಅನಿಸಿತ್ತು. ಈ ಪುಟ ಬಂದಾಗ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಹೆದರಿ ಮುಚ್ಚುತ್ತಾರೆ, ಇಲ್ಲವೇ ದಾಟಿ ಹೋಗುತ್ತಾರೆ. ಎರಡೂ ಬೇಡ. ಏನು ತಪ್ಪಾಗಿದೆ ಅಂತ ಆ ಪುಟದಲ್ಲೇ ಬರೆದಿರುತ್ತದೆ.

ಬ್ರೌಸರ್ ಏನು ಕೇಳುತ್ತದೆ

ನಮ್ಮ ಕಡೆ ಹೊಸ ಮುಖ ಕಂಡರೆ ಹಿರಿಯರು ಮೊದಲು ಕೇಳುವುದು “ನೀವು ಯಾರ ಪೈಕಿ?” ಅಂತ. ಇಂಥವರ ಅಳಿಯ ಅಂದರೆ, ಆ ಇಂಥವರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ತಮಗೆ ಗೊತ್ತಿರುವ ಒಂದು ಮನೆಯ ಹೆಸರು ಬರುವವರೆಗೂ ಬಿಡುವುದಿಲ್ಲ. ಬ್ರೌಸರ್ ಮಾಡುವುದೂ ಅದನ್ನೇ. ಸೈಟ್ ತನ್ನ ಸರ್ಟಿಫಿಕೇಟ್ ತೋರಿಸುತ್ತದೆ. ಅದಕ್ಕೆ ಸಹಿ ಹಾಕಿದ್ದು ಒಂದು ಮಧ್ಯದ ಸಂಸ್ಥೆ. ಆ ಮಧ್ಯದ್ದಕ್ಕೆ ಸಹಿ ಹಾಕಿದ್ದು ಒಂದು ಮೂಲ ಸಂಸ್ಥೆ, ಅದಕ್ಕೆ ರೂಟ್ ಅನ್ನುತ್ತಾರೆ. ನಂಬಬಹುದಾದ ರೂಟ್‌ಗಳ ಪಟ್ಟಿ ಬ್ರೌಸರಿನಲ್ಲೋ ವಿಂಡೋಸಿನಲ್ಲೋ ಮೊದಲೇ ಇರುತ್ತದೆ. ಸರಪಳಿ ಆ ಪಟ್ಟಿಯವರೆಗೆ ಮುಟ್ಟಿದರೆ ಸರಿ.

ಹಾಗಾಗಿ ಮುಖ್ಯ ಪ್ರಶ್ನೆ ಮೂರೇ. ಇದರಲ್ಲಿರುವ ಹೆಸರು ನಾನು ತೆರೆದ ಸೈಟಿನದ್ದೇ? ಇವತ್ತಿನ ತಾರೀಕು ಇದರ ಅವಧಿಯ ಒಳಗಿದೆಯೇ? ಸಹಿ ಹಾಕಿದವರು ಗೊತ್ತಿರುವವರೇ? ಪರದೆಯ ಮೇಲಿನ ದೊಡ್ಡ ಅಕ್ಷರ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ. ಕೆಳಗಿನ ಬೂದು ಬಣ್ಣದ ಕೋಡ್ ಮಾತ್ರ ಬೇರೆ ಬೇರೆ. ‘ಡೇಟ್ ಇನ್‌ವ್ಯಾಲಿಡ್’ ಅಂದರೆ ತಾರೀಕು. ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಅಂದರೆ ಹೆಸರು. ‘ಅಥಾರಿಟಿ ಇನ್‌ವ್ಯಾಲಿಡ್’ ಅಂದರೆ ಸಹಿ. ಫೈರ್‌ಫಾಕ್ಸಿನಲ್ಲಿ ಸಹಿಯ ತೊಂದರೆಗೆ ‘ಅನ್‌ನೋನ್ ಇಶ್ಯೂಯರ್’ ಅಂತ ಬರುತ್ತದೆ.

ಕ್ರೋಮ್‌ನಲ್ಲಿ ಆ ಕೋಡಿನ ಮೇಲೆಯೇ ಒಮ್ಮೆ ಕ್ಲಿಕ್ ಮಾಡಿ ನೋಡಿ. ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ, ಕೊಟ್ಟವರು ಯಾರು, ಯಾವಾಗ ಮುಗಿಯುತ್ತದೆ, ನಿಮ್ಮ ಕಂಪ್ಯೂಟರ್ ಪ್ರಕಾರ ಇವತ್ತು ಯಾವ ತಾರೀಕು, ಇಷ್ಟೂ ಬಿಚ್ಚಿಕೊಳ್ಳುತ್ತದೆ. ನನಗೆ ಅರ್ಧಕ್ಕಿಂತ ಜಾಸ್ತಿ ಕೇಸುಗಳು ಅಲ್ಲೇ ಬಗೆಹರಿದಿವೆ. ಯಾರಾದರೂ ಫೋನ್ ಮಾಡಿ “ಸೈಟ್ ತೆರೀತಿಲ್ಲ” ಅಂದರೆ, ಆ ನಾಲ್ಕು ಸಾಲಿನ ಫೋಟೋ ಕಳಿಸಿ ಅನ್ನುತ್ತೇನೆ.

ತಪ್ಪು ಯಾರ ಕಡೆಯದ್ದು

ಏನನ್ನೂ ಮುಟ್ಟುವ ಮೊದಲು ಇದನ್ನು ತಿಳಿದುಕೊಳ್ಳಿ. ಮೊಬೈಲಿನ ವೈಫೈ ಆಫ್ ಮಾಡಿ, ಸಿಮ್ಮಿನ ಡೇಟಾದಲ್ಲಿ ಅದೇ ಸೈಟ್ ತೆರೆಯಿರಿ. ಅಲ್ಲೂ ಅದೇ ತಪ್ಪು ಬಂದರೆ ಬಹುಮಟ್ಟಿಗೆ ಸೈಟಿನವರದ್ದೇ ತೊಂದರೆ. ನೀವು ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ಚೆನ್ನಾಗಿ ತೆರೆದರೆ ಆ ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಟ್ಟು ಕಂಪ್ಯೂಟರಿನಲ್ಲಿ ನೋಡಿ. ಈಗ ತೆರೆದರೆ ತೊಂದರೆ ನಿಮ್ಮ ವೈಫೈ ಜಾಲದಲ್ಲಿದೆ. ಹಾಟ್‌ಸ್ಪಾಟಿನಲ್ಲೂ ತೆರೆಯದಿದ್ದರೆ ಕಂಪ್ಯೂಟರಿನಲ್ಲಿದೆ. ಐದು ನಿಮಿಷದ ಕೆಲಸ ಇದು. ಇದನ್ನು ಬಿಟ್ಟು ನೇರ ಬ್ರೌಸರ್ ತೆಗೆದು ಮತ್ತೆ ಹಾಕುವವರನ್ನು ನೋಡಿದ್ದೇನೆ. ಪಾಸ್‌ವರ್ಡ್, ಬುಕ್‌ಮಾರ್ಕ್ ಕಳೆದುಕೊಂಡರೇ ಹೊರತು ತಪ್ಪು ಹೋಗಲಿಲ್ಲ.

ತಾರೀಕಿನ ತೊಂದರೆ

ಕರಾವಳಿಯಲ್ಲಿ ನಾನು ಅತಿ ಹೆಚ್ಚು ನೋಡಿದ್ದು ಇದನ್ನೇ. ಮದರ್‌ಬೋರ್ಡಿನ ಮೇಲೆ ಒಂದು ನಾಣ್ಯದ ಆಕಾರದ ಬ್ಯಾಟರಿ ಇರುತ್ತದೆ. ಮೇಲೆ ಸಿಆರ್ 2032 ಅಂತ ಬರೆದಿರುತ್ತದೆ, 3 ವೋಲ್ಟಿನದ್ದು. ಕಂಪ್ಯೂಟರ್ ಆಫ್ ಇದ್ದಾಗ ಗಡಿಯಾರ ನಡೆಯುವುದು ಇದರಿಂದ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಂತ ಹೇಳಬೇಕಾಗಿಲ್ಲ. ಗುಡುಗು ಬಂದರೆ ಪ್ಲಗ್ಗನ್ನೇ ಎಳೆದಿಡುವ ರೂಢಿ ಬೇರೆ. ಬ್ಯಾಟರಿ ಸರಿಯಿದ್ದರೆ ಇದರಿಂದ ಏನೂ ಆಗುವುದಿಲ್ಲ. ಸತ್ತಿದ್ದರೆ ಪ್ರತಿ ಸಲ ವರ್ಷಗಟ್ಟಲೆ ಹಿಂದಿನ ತಾರೀಕಿನಲ್ಲಿ ಎದ್ದೇಳುತ್ತದೆ.

ಗಂಟೆ, ನಿಮಿಷ ಮಾತ್ರ ನೋಡಬೇಡಿ. ದಿನ, ತಿಂಗಳು, ವರ್ಷ ಮೂರನ್ನೂ ನೋಡಿ. ಟೈಮ್ ಝೋನ್ ಕೂಡ ನೋಡಿ, ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಅಂತಿರುವ 5:30ರದ್ದು. ವಿಂಡೋಸಿನ ಟೈಮ್ ಆ್ಯಂಡ್ ಲ್ಯಾಂಗ್ವೇಜ್ ಸೆಟ್ಟಿಂಗಿಗೆ ಹೋಗಿ ಸಮಯ ತಾನಾಗಿ ಹೊಂದಿಸಿಕೊಳ್ಳುವುದನ್ನು ಆನ್ ಮಾಡಿ, ‘ಸಿಂಕ್ ನೌ’ ಒತ್ತಿ. ವರ್ಷವೇ ತಪ್ಪಿದ್ದರೆ ಕೆಲವೊಮ್ಮೆ ಅದು ಸಿಂಕ್ ಆಗಲು ಒಪ್ಪುವುದಿಲ್ಲ. ಆಗ ಕೈಯಿಂದಲೇ ತಾರೀಕು ಸರಿ ಮಾಡಿ, ಆಮೇಲೆ ಸಿಂಕ್ ಒತ್ತಿ.

ಬ್ಯಾಟರಿ ಬದಲಿಸುವಾಗ ಹೋಲ್ಡರಿನ ಲೋಹದ ನಾಲಿಗೆ ನೋಡಿ. ಮಲ್ಪೆ, ಪಣಂಬೂರು ಕಡೆಯ ಸಮುದ್ರದ ಹತ್ತಿರದ ಮನೆಗಳಲ್ಲಿ ಅದು ಹಸಿರುಗಟ್ಟಿರುತ್ತದೆ. ಹೊಸ ಬ್ಯಾಟರಿ ಹಾಕಿದರೂ ಸಂಪರ್ಕ ಸಿಗುವುದಿಲ್ಲ. ಪ್ಲಗ್ ತೆಗೆದು, ಒಣ ಬ್ರಶ್ಶಿನಿಂದ ಮೆಲ್ಲ ಉಜ್ಜಿ, ಆಮೇಲೆ ಬ್ಯಾಟರಿ ಕೂರಿಸಿ. ಕಿನ್ನಿಮೂಲ್ಕಿಯ ಅಂಗಡಿಯಲ್ಲಿ ಇದರ ಜೊತೆ ಇನ್ನೊಂದು ಕೆಲಸ ಮಾಡಿದೆ. ತಾರೀಕು ತೋರಿಸುವ ಕ್ರಮವನ್ನೇ ಬದಲಿಸಿ, ತಿಂಗಳು ಅಂಕಿಯಲ್ಲಿ ಬಾರದೆ ಅಕ್ಷರದಲ್ಲಿ ಬರುವ ಹಾಗೆ ಮಾಡಿದೆ. ಈಗ ಅಲ್ಲಿ ಜೂನ್, ಜುಲೈ ಗೊಂದಲವಾಗುವುದಿಲ್ಲ.

ಒಂದು ತಿಂಗಳ ವ್ಯತ್ಯಾಸ ಮೊದಲು ಇಷ್ಟು ಕಾಡುತ್ತಿರಲಿಲ್ಲ. ಆಗ ಸರ್ಟಿಫಿಕೇಟುಗಳು ಎರಡು ಮೂರು ವರ್ಷ ಬಾಳುತ್ತಿದ್ದವು. 2020ರ ಸೆಪ್ಟೆಂಬರ್ 1ರಿಂದ ಗರಿಷ್ಠ ಅವಧಿ 398 ದಿನಕ್ಕೆ ಇಳಿಯಿತು. ಮುಂದಿನ ಮೆಟ್ಟಿಲುಗಳೂ ನಿಗದಿಯಾಗಿವೆ: 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಸರ್ಟಿಫಿಕೇಟ್ ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಮೊದಲಿನಿಂದಲೂ ಸಾಮಾನ್ಯವಾಗಿ 90 ದಿನದ್ದನ್ನು ಕೊಡುತ್ತಾ ಬಂದಿದೆ. ಅವಧಿ ಚಿಕ್ಕದಾದಷ್ಟೂ ಹೊಸ ಸರ್ಟಿಫಿಕೇಟ್ ಇರುವ ಸೈಟುಗಳು ಜಾಸ್ತಿ. ನಿಮ್ಮ ಗಡಿಯಾರ ಸ್ವಲ್ಪ ತಪ್ಪಿದರೂ ಯಾವುದೋ ಒಂದು ಸೈಟ್ ಸಿಕ್ಕಿಹಾಕಿಕೊಳ್ಳುತ್ತದೆ.

ನಿಮ್ಮ ತಾರೀಕು ಸರಿಯಿದ್ದೂ ‘ಮುಗಿದಿದೆ’ ಅಂತ ಬಂದರೆ ಸೈಟಿನವರು ನವೀಕರಿಸಲು ಮರೆತಿದ್ದಾರೆ. ಅವರಿಗೆ ಫೋನ್ ಮಾಡಿ ತಿಳಿಸಿ, ಕಾಯಿರಿ.

ಲಾಡ್ಜ್, ನಿಲ್ದಾಣದ ವೈಫೈ

ರಥಬೀದಿಯ ಹತ್ತಿರ ರೂಮ್ ಮಾಡಿದ ನೆಂಟರು ಒಮ್ಮೆ ಗಾಬರಿಯಿಂದ ಫೋನ್ ಮಾಡಿದರು, ಬ್ಯಾಂಕಿನ ಸೈಟಿನಲ್ಲಿ ಎಚ್ಚರಿಕೆ ಬರುತ್ತಿದೆ ಅಂತ. ಹೊಸ ವೈಫೈ ಅಲ್ವಾ ಅಂತ ಕೇಳಿದೆ, ಹೌದು ಅಂದರು. ಇಂಥ ಜಾಲಗಳು ಮೊದಲು ತಮ್ಮ ಲಾಗಿನ್ ಪುಟ ತೋರಿಸಬೇಕು. ಅದಕ್ಕಾಗಿ ನೀವು ಕೇಳಿದ ಸೈಟನ್ನು ನಡುವೆ ತಡೆದು ತಮ್ಮದನ್ನು ಮುಂದಿಡುತ್ತವೆ. ಬ್ರೌಸರ್ ಬ್ಯಾಂಕಿನ ಹೆಸರು ಕೇಳಿದರೆ ಬೇರೆ ಯಾರೋ ಉತ್ತರ ಕೊಡುತ್ತಾರೆ. ಎಚ್ಚರಿಕೆ ಬರಲೇಬೇಕು, ಬಂದಿದ್ದು ಒಳ್ಳೆಯದೇ ಆಯಿತು.

ಇಂಥಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಟೈಪ್ ಮಾಡಿ. ಗೂಢಲಿಪಿ ಇಲ್ಲದೆ ತೆರೆಯಲಿ ಅಂತಲೇ ಇಟ್ಟಿರುವ ಸೈಟ್ ಅದು. ಲಾಗಿನ್ ಪುಟ ತಾನಾಗಿ ಬರುತ್ತದೆ. ಲಾಗಿನ್ ಆದ ಮೇಲೂ ಬ್ಯಾಂಕಿನ ಸೈಟಿನಲ್ಲಿ ಅದೇ ಎಚ್ಚರಿಕೆ ಬಂದರೆ ಆ ವೈಫೈ ಬಿಟ್ಟುಬಿಡಿ, ಸಿಮ್ಮಿನ ಡೇಟಾ ಬಳಸಿ.

ಹೆಸರು ಹೊಂದದಿದ್ದರೆ

ಮೊದಲು ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಮುಂದೆ ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’ ಸೇರಿಸಿ ಒಮ್ಮೆ, ತೆಗೆದು ಒಮ್ಮೆ ನೋಡಿ. ಚಿಕ್ಕ ಸಂಸ್ಥೆಗಳು ಎರಡರಲ್ಲಿ ಒಂದು ಹೆಸರಿಗೆ ಮಾತ್ರ ಸರ್ಟಿಫಿಕೇಟ್ ಪಡೆದಿರುವುದುಂಟು. ಸರ್ಟಿಫಿಕೇಟಿನಲ್ಲಿರುವ ಹೆಸರು ಯಾವುದೋ ಹೋಸ್ಟಿಂಗ್ ಕಂಪನಿಯದ್ದಾದರೆ ಸೈಟಿನವರ ಸೆಟ್ಟಿಂಗ್ ತಪ್ಪಿದೆ. ಗೊತ್ತೇ ಇಲ್ಲದ ಹೆಸರಾದರೆ ಮುಂದೆ ಹೋಗಬೇಡಿ.

ಇಲ್ಲೇ ಒಂದು ಮಾತು ಹೇಳಲೇಬೇಕು. ಎಚ್ಚರಿಕೆ ಬಾರದ ಸೈಟೆಲ್ಲ ಒಳ್ಳೆಯದಲ್ಲ. ಮೋಸಗಾರನೂ ತನ್ನ ನಕಲಿ ಹೆಸರಿಗೆ ಸರಿಯಾದ ಸರ್ಟಿಫಿಕೇಟ್ ಪಡೆಯಬಹುದು. ದೇವಸ್ಥಾನದ ರೂಮ್ ಬುಕಿಂಗ್ ಅಂತ ಹುಡುಕಿದಾಗ ಸಿಗುವ ಸೈಟಿನಲ್ಲಿ ಬೀಗದ ಚಿಹ್ನೆ ಇದೆ ಅಂತ ನಂಬಿದವರಿದ್ದಾರೆ. ಆ ಬೀಗ ಹೇಳುತ್ತಿದ್ದುದು ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಅಂತ ಮಾತ್ರ. ಜನ ಅದನ್ನು ತಪ್ಪಾಗಿ ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಬೀಗದ ಚಿಹ್ನೆ ತೆಗೆದು ಬೇರೆ ಗುರುತು ಹಾಕಿತು. ಇಂಥ ಕಡೆ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಸಹಿ ಹಾಕಿದವರು ಗೊತ್ತಿಲ್ಲ ಅಂದರೆ

ಇದು ಸ್ವಲ್ಪ ಸಿಕ್ಕಿನದು. ಇಲ್ಲಿ ಕೋಡಿನ ಮೇಲೆ ಕ್ಲಿಕ್ ಮಾಡಿ ‘ಇಶ್ಯೂಯರ್’, ಅಂದರೆ ಸರ್ಟಿಫಿಕೇಟ್ ಕೊಟ್ಟವರ ಹೆಸರು ಓದಲೇಬೇಕು.

ಆ್ಯಂಟಿವೈರಸ್ಸಿನ ಹೆಸರು ಕಂಡರೆ, ಅದು ನಿಮ್ಮ ಎಚ್‌ಟಿಟಿಪಿಎಸ್ (ಗೂಢಲಿಪಿಯ) ಸಂಪರ್ಕವನ್ನು ನಡುವೆ ಬಿಚ್ಚಿ ನೋಡಿ ಮತ್ತೆ ಕಟ್ಟುತ್ತಿದೆ. ಹಾಗೆ ಮಾಡಲು ತನ್ನದೇ ರೂಟ್ ಒಂದನ್ನು ಕಂಪ್ಯೂಟರಿನಲ್ಲಿ ಕೂರಿಸಿರುತ್ತದೆ. ಅವಧಿ ಮುಗಿದ, ಅರ್ಧಂಬರ್ಧ ತೆಗೆದ ಆ್ಯಂಟಿವೈರಸ್ ಇದ್ದರೆ ಈ ವ್ಯವಸ್ಥೆ ಕೆಡುತ್ತದೆ. ಹೆಚ್ಚುಕಡಿಮೆ ಎಲ್ಲ ಸೈಟಿನಲ್ಲೂ ತಪ್ಪು ಬರುತ್ತದೆ. ಅದರ ಸೆಟ್ಟಿಂಗಿನಲ್ಲಿ ಎಚ್‌ಟಿಟಿಪಿಎಸ್ ಸ್ಕ್ಯಾನ್ ಅನ್ನುವುದನ್ನು ಆಫ್ ಮಾಡಿ ನೋಡಿ. ಪೂರ್ತಿ ಆ್ಯಂಟಿವೈರಸ್ ತೆಗೆಯುವ ಅಗತ್ಯವಿಲ್ಲ.

ಮಣಿಪಾಲ, ಸುರತ್ಕಲ್, ಕೊಣಾಜೆ ಅಂತ ನಮ್ಮದು ಕಾಲೇಜುಗಳ ಊರು. ಹಾಸ್ಟೆಲ್, ಆಫೀಸುಗಳ ಜಾಲದಲ್ಲಿ ಕಾವಲಿಗಿರುವ ಫೈರ್‌ವಾಲ್ ಕೂಡ ಇದೇ ರೀತಿ ನಡುವೆ ನಿಲ್ಲುವುದುಂಟು. ಆಗ ಇಶ್ಯೂಯರ್ ಜಾಗದಲ್ಲಿ ಫೈರ್‌ವಾಲಿನ ಹೆಸರು ಇರುತ್ತದೆ. ಅಲ್ಲಿನ ಐಟಿ ವಿಭಾಗ ಅಧಿಕೃತವಾಗಿ ಕೊಟ್ಟ ರೂಟ್ ಆದರೆ, ಅವರ ಕೆಲಸಕ್ಕೆ ಅವರ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಿ. ಸ್ವಂತ ಫೋನಿಗೆ ಹಾಕುವ ಮೊದಲು ಯೋಚಿಸಿ. ಆ ರೂಟ್ ಇರುವವರೆಗೆ ಆ ಜಾಲದಲ್ಲಿ ನೀವು ತೆರೆಯುವ ಬ್ಯಾಂಕಿನ ಪುಟವನ್ನೂ ನಡುವೆ ನಿಂತು ಓದಲು ಸಾಧ್ಯ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಸರ್ಟಿಫಿಕೇಟ್ ಫೈಲನ್ನಂತೂ ಯಾವತ್ತೂ ಹಾಕಬೇಡಿ.

ರೂಟ್ ಮೇಲಿನ ನಂಬಿಕೆ ಎಷ್ಟು ದೊಡ್ಡದು ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2014ರ ಜುಲೈಯಲ್ಲಿ ಗೂಗಲ್‌ನ ಡೊಮೇನ್ ಹೆಸರುಗಳಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದದ್ದು ಪತ್ತೆಯಾಯಿತು. ಅವು ಬಂದದ್ದು ಸರ್ಟಿಫಿಕೇಟ್ ಕೊಡುವವರ ಮೇಲಿನ ಭಾರತದ ಸರ್ಕಾರಿ ನಿಯಂತ್ರಕ ಸಿಸಿಎ ಅಡಿಯಲ್ಲಿದ್ದ, ಸರ್ಕಾರದ್ದೇ ಐಟಿ ಸಂಸ್ಥೆ ಎನ್‌ಐಸಿಯ ಮಧ್ಯದ ಸರ್ಟಿಫಿಕೇಟುಗಳಿಂದ. ಸಿಸಿಎ ಅವನ್ನು ರದ್ದು ಮಾಡಿತು. ಆ ರೂಟಿನಿಂದ ಬರುವುದನ್ನು ಕೆಲವೇ ಭಾರತೀಯ ಡೊಮೇನ್‌ಗಳಿಗೆ ಮಾತ್ರ ಒಪ್ಪುವುದು ಅಂತ ಕ್ರೋಮ್ ಮಿತಿ ಹಾಕಿತು. ಮಧ್ಯದ ಒಂದು ಕೊಂಡಿ ಕೈತಪ್ಪಿದರೆ ಯಾವ ಸೈಟಿನ ಹೆಸರನ್ನೂ ಹಾಕಿಕೊಳ್ಳಬಹುದು, ಅದಕ್ಕೇ ಇಷ್ಟು ಬಿಗಿ.

ಇನ್ನು ಹಳೆಯ ಸಾಧನಗಳು. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್ 3 ಅನ್ನುವ ರೂಟಿನ ಅವಧಿ ಮುಗಿಯಿತು. ಲೆಟ್ಸ್ ಎನ್‌ಕ್ರಿಪ್ಟ್ ಸೈಟುಗಳು ಹಳೆಯ ಸಾಧನಗಳಲ್ಲಿ ನಿಂತಿದ್ದು ಅದರ ಮೇಲೆ. ಹೊಸ ರೂಟ್ ಪಟ್ಟಿಯಲ್ಲಿ ಇಲ್ಲದ ಹಳೆಯ ಕಂಪ್ಯೂಟರ್, ಟಿವಿಗಳಲ್ಲಿ ಅವತ್ತಿನಿಂದ ತಪ್ಪು ಬರತೊಡಗಿತು. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಿಗೆ ಬೇರೆ ಏರ್ಪಾಡು ಮಾಡಿದ್ದರು, ಅದೂ 2024ಕ್ಕೆ ಮುಗಿಯಿತು. ಅಜ್ಜಿಯ ಹಳೆಯ ಫೋನಿನಲ್ಲಿ ಮಾತ್ರ ಸೈಟ್ ತೆರೆಯದಿದ್ದರೆ ಕಾರಣ ಇದಿರಬಹುದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು. ಅದಕ್ಕೆ ಬಂದ ಕೊನೆಯ ಕ್ರೋಮ್ 109. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ ಅಂತಲೇ ನಾನು ಹೇಳುವುದು.

‘ಪ್ರೊಸೀಡ್’ ಇಲ್ಲವೇ ಇಲ್ಲದಿದ್ದರೆ

ಕೆಲವು ಸೈಟುಗಳಲ್ಲಿ ದಾಟಿ ಹೋಗುವ ದಾರಿಯನ್ನೇ ಬ್ರೌಸರ್ ಕೊಡುವುದಿಲ್ಲ. ಆ ಸೈಟ್ ಎಚ್‌ಎಸ್‌ಟಿಎಸ್ ಅನ್ನುವ ನಿಯಮ ಹಾಕಿಕೊಂಡಿದೆ ಅಂತ ಸಾಮಾನ್ಯವಾಗಿ ಅರ್ಥ. ಸುರಕ್ಷಿತ ಸಂಪರ್ಕ ಇಲ್ಲದೆ ನನ್ನನ್ನು ತೆರೆಯಲೇಬೇಡ ಅಂತ ಅದು ಮೊದಲೇ ಬ್ರೌಸರಿಗೆ ಹೇಳಿಟ್ಟಿರುತ್ತದೆ. ಇದನ್ನು ದಾಟುವ ಉಪಾಯ ಹುಡುಕಬೇಡಿ. ಮೇಲೆ ಹೇಳಿದ ಕಾರಣಗಳಲ್ಲೇ ಒಂದು ಇರುತ್ತದೆ, ಅದನ್ನು ಸರಿಪಡಿಸಿ.

ನಾನು ‘ಪ್ರೊಸೀಡ್’ ಒತ್ತುವುದು ಒಂದೇ ಕಡೆ. ನಮ್ಮ ಮನೆಯ ರೂಟರಿನ 192.168.1.1 ಪುಟದಲ್ಲಿ. ರೂಟರ್ ತನಗೆ ತಾನೇ ಸಹಿ ಹಾಕಿಕೊಂಡಿರುತ್ತದೆ, ಹಾಗಾಗಿ ಎಚ್ಚರಿಕೆ ಸಹಜ. ಅದನ್ನೂ ಕೇಬಲ್ ಚುಚ್ಚಿಕೊಂಡೇ ಮಾಡುತ್ತೇನೆ.

ಸೈಟ್ ನಿಮ್ಮದೇ ಆಗಿದ್ದರೆ

ಮಲ್ಪೆಯಲ್ಲಿ ಹೋಮ್‌ಸ್ಟೇ ನಡೆಸುವ ಸ್ನೇಹಿತರ ಸೈಟ್ ಒಂದು ಶನಿವಾರ ನಿಂತುಹೋಯಿತು. ‘ಅವಧಿ ಮುಗಿದಿದೆ’ ಅಂತ ಎಲ್ಲರ ಫೋನಿನಲ್ಲೂ ಬಂತು. ಸರ್ವರಿಗೆ ಹೋಗಿ ನೋಡಿದರೆ ಸರ್ಟಿಫಿಕೇಟನ್ನು ತಾನಾಗಿ ನವೀಕರಿಸುವ ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಮ್ ಮೂರು ವಾರದ ಹಿಂದೆಯೇ ಹೊಸ ಸರ್ಟಿಫಿಕೇಟ್ ತಂದಿಟ್ಟಿದೆ! ಫೈಲ್ ಹೊಸದು, ಆದರೆ ಸೈಟನ್ನು ಜನರಿಗೆ ತೋರಿಸುವ ಎಂಜಿನ್‌ಎಕ್ಸ್ ಅನ್ನುವ ಪ್ರೋಗ್ರಾಮ್ ಹಳೆಯದನ್ನೇ ನೆನಪಿನಲ್ಲಿ ಇಟ್ಟುಕೊಂಡು ಕೊಡುತ್ತಿತ್ತು. ಅದನ್ನು ಒಮ್ಮೆ ರೀಲೋಡ್ ಮಾಡಿದ್ದೇ ತಡ, ಸರಿಯಾಯಿತು. ಪ್ರತಿ ನವೀಕರಣದ ಬೆನ್ನಿಗೆ ರೀಲೋಡ್ ತಾನಾಗಿ ಆಗುವಂತೆ ಒಂದು ಡಿಪ್ಲಾಯ್ ಹುಕ್ ಹಾಕಿಟ್ಟೆವು.

ಹೊಸ ಫೈಲ್ ಬಂದೇ ಇಲ್ಲದಿದ್ದರೆ 80ನೇ ಪೋರ್ಟ್ ತೆರೆದಿದೆಯೇ ನೋಡಿ. ಡೊಮೇನ್ ನಿಮ್ಮದೇ ಅಂತ ಪರೀಕ್ಷಿಸಲು ಲೆಟ್ಸ್ ಎನ್‌ಕ್ರಿಪ್ಟ್ ಸಾಮಾನ್ಯವಾಗಿ ಬರುವುದು ಅದೇ ಬಾಗಿಲಿಗೆ. ಸುರಕ್ಷತೆಗೆ ಅಂತ ಅದನ್ನು ಮುಚ್ಚಿದವರು ಎರಡು ಮೂರು ತಿಂಗಳು ಬಿಟ್ಟು ತೊಂದರೆಗೆ ಸಿಗುತ್ತಾರೆ. ಸರ್ಟ್‌ಬಾಟಿನಲ್ಲಿ ಡ್ರೈ ರನ್, ಅಂದರೆ ಪ್ರಯೋಗಕ್ಕೊಂದು ನವೀಕರಣ ಮಾಡಿದರೆ ಕೂಡಲೇ ಗೊತ್ತಾಗುತ್ತದೆ.

ಒಂದು ಬ್ರೌಸರಿನಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ ಮಧ್ಯದ ಕೊಂಡಿ ಬಿಟ್ಟುಹೋಗಿರಬಹುದು. ಎಂಜಿನ್‌ಎಕ್ಸಿಗೆ ‘ಸರ್ಟ್’ ಅನ್ನುವ ಫೈಲ್ ಬೇಡ, ‘ಫುಲ್‌ಚೈನ್’ ಕೊಡಿ. ಕೆಲವು ಬ್ರೌಸರ್‌ಗಳು ಕಾಣೆಯಾದ ಕೊಂಡಿಯನ್ನು ತಾವೇ ಹುಡುಕಿ ತರುತ್ತವೆ, ಹಾಗಾಗಿ ನಿಮ್ಮ ಕಂಪ್ಯೂಟರಿನಲ್ಲಿ ಈ ತಪ್ಪು ಕಾಣಿಸದೇ ಹೋಗಬಹುದು. ಎಸ್‌ಎಸ್‌ಎಲ್ ಲ್ಯಾಬ್ಸ್ ಅನ್ನುವ ಸೈಟಿನ ಪರೀಕ್ಷೆಗೆ ನಿಮ್ಮ ಸೈಟಿನ ಹೆಸರು ಕೊಟ್ಟರೆ ಸರಪಳಿ ಅಪೂರ್ಣ ಅಂತ ಸ್ಪಷ್ಟವಾಗಿ ತೋರಿಸುತ್ತದೆ.

ಅವಧಿ ಮುಗಿಯುವ ಮುಂಚೆ ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಮೇಲ್ 2025ರ ಜೂನ್ 4ರಿಂದ ಬರುವುದಿಲ್ಲ. ಆ ಮೇಲನ್ನೇ ನಂಬಿಕೊಂಡಿದ್ದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ನನ್ನ ಸ್ನೇಹಿತರು ಪ್ರತಿ ತಿಂಗಳ 1ನೇ ತಾರೀಕು ಬೆಳಗ್ಗೆ ವೈಫೈ ಆಫ್ ಮಾಡಿ ತಮ್ಮ ಸೈಟ್ ತೆರೆಯುತ್ತಾರೆ. ಸರ್ಟಿಫಿಕೇಟ್ ಮುಗಿಯುವ ದಿನ ನೋಡಿ ರಿಸೆಪ್ಶನ್ನಿನ ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಡುತ್ತಾರೆ.